ಒಂದು ಗೇಣು ಬಣ್ಣ

(2025ರ ದಸರಾಕ್ಕೆ ಒಂದು ವಾರ ಇದ್ದಾಗ ನಮ್ಮ ಬಡಾವಣೆಯ ಗೆಳತಿಯರ ಮುಂದೆ ಆಡಿದ ಮಾತು ಇದು. ಕೇಳಿದವರು ಬರೆದುಕೊಡಿ ಅಂದರು. ಮಾತಾಡುವಾಗ ದಾರಿ ತಪ್ಪಿದ ಕಡೆ ಒಂದಿಷ್ಟು ಕತ್ತರಿಸಿದ್ದೇನೆ. ಎಲ್ಲ ಕತ್ತರಿಸಲು ಮನಸ್ಸು ಬರಲಿಲ್ಲ.)

ಎಲ್ಲರಿಗೂ ನಮಸ್ಕಾರ. ಕರೆದವರು ಫ್ಯಾಷನ್ ಬಗ್ಗೆ ಮಾತಾಡಿ ಅಂದರು. ಫ್ಯಾಷನ್ ನನಗೆ ಗೊತ್ತಿಲ್ಲ, ಗೊತ್ತಿರುವುದು ಮ್ಯಾಚಿಂಗ್. ಮೈಸೂರಿನ ಅರಸು ರಸ್ತೆಯ ಹಿಂದಿನ ಗಲ್ಲಿಯಲ್ಲಿ 22 ವರ್ಷ ಮ್ಯಾಚಿಂಗ್ ಸೆಂಟರ್ ನಡೆಸಿದವಳು ನಾನು. ಮೂರು ಗೋಡೆ ತುಂಬ ಬ್ಲೌಸ್ ಪೀಸಿನ ಥಾನುಗಳು. ಕೆಳಗೆ ಫಾಲ್ಸು, ಲಂಗ, ಪೈಪಿಂಗು, ಕುಚ್ಚಿನ ದಾರ. ನನ್ನ ಅಂಗಡಿಗೆ ಯಾರೂ ಸೀರೆ ಕೊಳ್ಳಲು ಬರುತ್ತಿರಲಿಲ್ಲ. ಇನ್ನೆಲ್ಲೋ ಕೊಂಡ ಸೀರೆಯನ್ನು ಕವರಿನಲ್ಲಿ ಹಿಡಿದುಕೊಂಡು ಬರುತ್ತಿದ್ದರು. ಹಾಗಾಗಿ ಬಟ್ಟೆಯ ಲೋಕವನ್ನು ನಾನು ನೋಡಿದ್ದೆಲ್ಲ ಅಂಚಿನ ಕಡೆಯಿಂದ.

ಈ ವಾರ ನಿಮ್ಮೆಲ್ಲರ ವಾಟ್ಸಾಪಿಗೂ ಒಂದು ಪಟ್ಟಿ ಬಂದಿರುತ್ತೆ, ನವರಾತ್ರಿಯ ಯಾವ ದಿನ ಯಾವ ಬಣ್ಣ ಉಡಬೇಕು ಅಂತ. ಸೋಮವಾರ 22ನೇ ತಾರೀಕು ಬಿಳಿ. ಮಂಗಳವಾರ ಕೆಂಪು, ಬುಧವಾರ ಕಡುನೀಲಿ, ಗುರುವಾರ ಹಳದಿ, ಶುಕ್ರವಾರ ಹಸಿರು. ಶನಿವಾರ ಬೂದು. ಭಾನುವಾರ ಕಿತ್ತಳೆ. ಆಮೇಲೆ ನವಿಲು ಹಸಿರು, ಕೊನೆಗೆ ಗುಲಾಬಿ. ಬೂದು ಬಣ್ಣದ ಸೀರೆ ಯಾರ ಹತ್ತಿರ ಇದೆ, ಕೈ ಎತ್ತಿ ನೋಡೋಣ. ಎರಡೇ ಕೈ! ಉಳಿದವರೆಲ್ಲ ಶುಕ್ರವಾರ ಸಂಜೆ ಅಂಗಡಿಗೆ ಓಡುತ್ತೀರಿ, ಅಲ್ವಾ? ಓಡಬೇಡಿ ಅಂತ ಹೇಳಲಿಕ್ಕೇ ನಾನು ಬಂದಿದ್ದು.

ಇದು ಶಾಸ್ತ್ರ ಅಂತ ಹೆದರಿಕೊಂಡಿರುವವರಿಗೆ ಒಂದು ಮಾತು. ನಮ್ಮಜ್ಜಿ ಗೊಂಬೆ ಕೂರಿಸುತ್ತಿದ್ದ ಕಾಲದಲ್ಲಿ ಈ ಪಟ್ಟಿ ಇರಲಿಲ್ಲ. 2000ದ ದಶಕದ ಮೊದಲ ವರ್ಷಗಳಲ್ಲಿ ಮುಂಬೈಯ ಒಂದು ಮರಾಠಿ ದಿನಪತ್ರಿಕೆ ಶುರು ಮಾಡಿದ ಆಟ ಇದು. ಆಯಾ ದಿನದ ಬಣ್ಣದ ಸೀರೆ ಉಟ್ಟು ಫೋಟೋ ಕಳಿಸುವುದು, ಅವರು ಅಚ್ಚು ಹಾಕುವುದು. ಅಲ್ಲಿಂದ ಲೋಕಲ್ ರೈಲು ಹತ್ತಿ, ಆಫೀಸು ಹೊಕ್ಕು, ಫೋನಿನೊಳಗೆ ಕೂತು ನಮ್ಮೂರಿಗೆ ಬಂತು. ಅದರಲ್ಲಿ ನನಗೇನೂ ತಕರಾರಿಲ್ಲ. ಹತ್ತು ಜನ ಒಂದೇ ಬಣ್ಣದಲ್ಲಿ ನಿಂತರೆ ನೋಡಲು ಖುಷಿಯೇ. ಆದರೆ ಒಂಬತ್ತು ದಿನಕ್ಕೆ ಒಂಬತ್ತು ಸೀರೆ ತರಬೇಕು ಅಂತ ದೇವಿ ಎಲ್ಲೂ ಹೇಳಿಲ್ಲ.

ಇದೇ ಆಟವನ್ನು ಇಡೀ ಜಗತ್ತಿಗೆ ಆಡಿಸುವವರೂ ಇದ್ದಾರೆ. ಅಮೆರಿಕದಲ್ಲಿ ಪ್ಯಾಂಟೋನ್ ಅಂತ ಒಂದು ಕಂಪನಿ ಇದೆ. ಬಣ್ಣಗಳಿಗೆ ನಂಬರ್ ಕೊಡುವುದು ಅವರ ಕಸುಬು. 1963ರಲ್ಲಿ ಪ್ರಿಂಟಿಂಗ್ ಪ್ರೆಸ್ಸಿನವರಿಗಾಗಿ ಶುರುವಾಯಿತು. ಇಲ್ಲಿ ಕೂತವನೂ ಅಲ್ಲಿ ಕೂತವನೂ ಒಂದೇ ಕೆಂಪು ಅಚ್ಚು ಹಾಕಬೇಕಲ್ಲ, ಅದಕ್ಕೆ. 2000ನೇ ಇಸವಿಯಿಂದ ಪ್ರತಿ ವರ್ಷಕ್ಕೂ ಒಂದು ಬಣ್ಣ ಅಂತ ಆರಿಸಿ ಹೇಳುತ್ತಾರೆ. ಮೊದಲ ಸಲ ಬಂದಿದ್ದು ಸೆರೂಲಿಯನ್, ಒಂಥರಾ ಆಕಾಶನೀಲಿ. 2023ಕ್ಕೆ ವಿವಾ ಮೆಜೆಂಟಾ ಬಂತು. ನಮ್ಮ ರಾಣಿ ಪಿಂಕಿಗೆ ದೊಡ್ಡಮ್ಮನ ಮಗಳಾಗಬೇಕು ಅದು. 2024ಕ್ಕೆ ಪೀಚ್ ಫಜ್. ಈ ವರ್ಷ, ಅಂದರೆ 2025ಕ್ಕೆ, ಮೋಕಾ ಮೂಸ್, ಒಂಥರಾ ಕಾಫಿ ಕಂದು.

ಅದರ ನಂಬರ್ 17-1230. ನಂಬರ್ ನೋಡಿದರೆ ನನ್ನಂಥವಳಿಗೆ ಕೈ ತುರಿಸುತ್ತದೆ, ಯಾಕೆಂದರೆ ನಾವೂ ಶೇಡ್ ಕಾರ್ಡಿನ ಮೇಲೆ ಬದುಕಿದವರು. ಮೊದಲ ಎರಡು ಅಂಕಿ ಬಣ್ಣ ಎಷ್ಟು ತಿಳಿ, ಎಷ್ಟು ಕಡು ಅಂತ ಹೇಳುತ್ತವೆ. 11 ಅಂದರೆ ಹಾಲಿನ ಹತ್ತಿರ, 19 ಅಂದರೆ ಕತ್ತಲೆಯ ಹತ್ತಿರ. ಪೀಚ್ ಫಜ್ 13ರಿಂದ ಶುರುವಾಗುತ್ತೆ, ಮೋಕಾ 17ರಿಂದ. ನಡುವಿನ ಎರಡು ಅಂಕಿ ಯಾವ ಬಣ್ಣದ ಮನೆತನ ಅನ್ನುವುದಕ್ಕೆ. ಕೊನೆಯವು ಬಣ್ಣ ಎಷ್ಟು ಗಾಢ ಅನ್ನುವುದಕ್ಕೆ. ನಮ್ಮಲ್ಲಿ ಇದನ್ನೇ "ಇನ್ನೊಂದು ಚೂರು ಡಲ್ ಕೊಡಿ" ಅಂತ ಕೇಳುತ್ತಿದ್ದರು.

ಇನ್ನು ಮೋಕಾ ಅನ್ನುವ ಹೆಸರು. ಅದು ಯೆಮನ್ ದೇಶದ ಒಂದು ಬಂದರು, ಒಂದು ಕಾಲಕ್ಕೆ ಕಾಫಿ ವ್ಯಾಪಾರದ ಊರು. ಬಾಬಾ ಬುಡನ್ ಯೆಮನ್ನಿನಿಂದ ಏಳು ಕಾಫಿ ಬೀಜ ಬಚ್ಚಿಟ್ಟುಕೊಂಡು ಬಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದ ಕಥೆ ನಿಮಗೆಲ್ಲ ಗೊತ್ತೇ ಇದೆ. ಆ ಏಳು ಬೀಜ ಬಂದಿದ್ದೂ ಈ ಮೋಕಾದಿಂದಲೇ ಅಂತ ಕಥೆ ಹೇಳುತ್ತೆ. ಅಲ್ಲಿಗೆ ಅಮೆರಿಕದವರು ಆರಿಸಿದ್ದು ನಮ್ಮ ಬೈ ಟೂ ಕಾಫಿಯ ಬಣ್ಣವನ್ನೇ. ಹಾಲು ಸ್ವಲ್ಪ ಜಾಸ್ತಿ, ಅಷ್ಟೆ.

ಇಷ್ಟು ಗೊತ್ತಾದ ಮೇಲೆ ಬಿಡಲಾಗುತ್ತಾ? ಜನವರಿಯಲ್ಲಿ ನಾನೂ ಮರುಳಾದೆ. ಒಂದು ಚೂಡಿದಾರ್ ಸೆಟ್ ತಂದೆ. ಟಾಪು, ಪ್ಯಾಂಟು, ವೇಲು, ಮೂರೂ ಅದೇ ಬಣ್ಣ. ಹಾಕಿಕೊಂಡು ತಮ್ಮನ ಮನೆಗೆ ಹೋದೆ. ಬಾಗಿಲು ತೆಗೆದವನು ಒಂದು ಕ್ಷಣ ನೋಡಿದ. ಜೇಬಿನಿಂದ ಹತ್ತು ರೂಪಾಯಿ ನೋಟು ತೆಗೆದು, "ಒಂದು ಸಿಟಿ ಬಸ್ ಸ್ಟ್ಯಾಂಡ್ ಕೊಡಿ ಮೇಡಂ" ಅಂದ. ಒಳಗಿನಿಂದ ಅಮ್ಮ, "ಅದನ್ನ ಒಗೆದೇ ಇಲ್ವೇನೇ?" ಅಂದರು.

ಬಣ್ಣ ಚೆನ್ನಾಗೇ ಇತ್ತು. ಜಾಸ್ತಿ ಆಗಿತ್ತು. ಮೇಲಿಂದ ಕೆಳಗೆ ಅದನ್ನೇ ಸುರಿದುಕೊಂಡರೆ ಕಾಫಿಯೂ ಖಾಕಿಯಾಗುತ್ತದೆ. ಆಮೇಲೆ ಆ ವೇಲನ್ನು ಮಾತ್ರ ನನ್ನ ಹಳೆಯ ಇಂಡಿಗೋ ನೀಲಿ ಕುರ್ತಾದ ಮೇಲೆ ಹಾಕಿಕೊಂಡೆ. ಎಲ್ಲಿ ತಗೊಂಡ್ರಿ ಅಂತ ಮೂರು ಜನ ಕೇಳಿದರು. ಟಾಪು ಮತ್ತು ಪ್ಯಾಂಟು ಇನ್ನೂ ಬೀರುವಿನಲ್ಲಿವೆ. ಬಸ್ಸಿನವರು ಯಾರಾದರೂ ಇದ್ದರೆ ಹೇಳಿ.

ಅವತ್ತಿನಿಂದ ನನ್ನ ಲೆಕ್ಕ ಇದು. ಹೊಸದಾಗಿ ಬಂದ ಬಣ್ಣ ಮೈಮೇಲೆ ಒಂದು ಗೇಣು ಇದ್ದರೆ ಸಾಕು. ಹೆಚ್ಚೆಂದರೆ ಎರಡು ಕಡೆ. ಕೈಯಲ್ಲಿ ಬಳೆ, ಹೆಗಲಲ್ಲಿ ಚೀಲ. ಅಥವಾ ಸೆರಗಿನ ಕುಚ್ಚು ಮತ್ತು ಚಪ್ಪಲಿ. ಮೂರನೆಯದು ಬಂತೋ, ಯೂನಿಫಾರ್ಮ್ ಆಯಿತು.

ಇದು ನನ್ನ ಹೊಸ ಶೋಧ ಏನಲ್ಲ. ಇಳಕಲ್ ಸೀರೆ ನೋಡಿ. ಒಡಲು ಯಾವ ಬಣ್ಣವೇ ಇರಲಿ, ಸೆರಗು ಕೆಂಪು. ಆ ಕೆಂಪನ್ನು ಆಮೇಲೆ ಹೊಲಿದು ಸೇರಿಸಿದ್ದಲ್ಲ. ಒಡಲಿನ ಹಾಸುನೂಲು (ಮಗ್ಗದಲ್ಲಿ ಉದ್ದಕ್ಕೆ ಎಳೆದ ನೂಲು) ಬೇರೆ, ಸೆರಗಿನ ಹಾಸುನೂಲು ಬೇರೆ. ಎರಡನ್ನೂ ಮಗ್ಗಕ್ಕೆ ಹಾಕುವಾಗ ಎಳೆಗೆ ಎಳೆ ಕೊಂಡಿ ಹಾಕಿ ಬೆಸೆಯುತ್ತಾರೆ. ಕೊಂಡಿ ಅಂತಲೇ ಅದಕ್ಕೆ ಹೆಸರು. ಸೆರಗಿನಷ್ಟಕ್ಕೇ ಆ ಕೆಂಪು ಬರಲಿ ಅಂತ ಅಷ್ಟು ಕಷ್ಟಪಡುತ್ತಾರೆ. ಅಂಚು, ಸೆರಗು, ರವಿಕೆ. ಬಣ್ಣಕ್ಕೆ ಜಾಗ ಅಳೆದು ಕೊಟ್ಟ ಉಡುಗೆ ನಮ್ಮದು.

ಈಗ ನನ್ನ ಅಂಗಡಿಯ ಒಂದು ಸಂಜೆ ಹೇಳುತ್ತೇನೆ. ಒಬ್ಬ ಟೀಚರಮ್ಮ ಬಂದರು. ಕೈಯಲ್ಲಿ ಕಂದು ಅಂಚಿನ ಹತ್ತಿ ಸೀರೆ. ನಾನು ಅಂಚನ್ನು ಕೌಂಟರಿನ ಮೇಲೆ ಹರಡಿ, ಟೂ ಬೈ ಟೂ ಅನ್ನುವ ಬ್ಲೌಸ್ ಬಟ್ಟೆಯ ಥಾನುಗಳನ್ನು ಒಂದೊಂದಾಗಿ ಬಿಚ್ಚಿ ಪಕ್ಕಕ್ಕೆ ಇಟ್ಟೆ. ಐದನೆಯದು ಕೂಡಿತು. ಎಲ್ಲಿ ಅಂಚು ಮುಗಿದು ಎಲ್ಲಿ ಬಟ್ಟೆ ಶುರುವಾಯಿತು ಗೊತ್ತಾಗಬಾರದು, ಹಾಗೆ. ಅವರು ತಲೆಯಾಡಿಸಿದರು. ನಾನು ಒಂದು ಮೀಟರ್ ಅಳೆದು ಹರಿದೆ. ಮಾರನೇ ದಿನ ಬೆಳಗ್ಗೆ ಬಾಗಿಲು ತೆರೆಯುವ ಮುಂಚೆ ಅವರು ಮೆಟ್ಟಿಲ ಮೇಲೆ ನಿಂತಿದ್ದರು. "ಬೇರೆ ಪೀಸ್ ಕೊಟ್ಟುಬಿಟ್ಟಿದ್ದೀರಿ." ನೋಡಿದೆ. ಬಿಸಿಲಿನಲ್ಲಿ ಅಂಚು ಕಾಫಿಯಂತಿತ್ತು, ನನ್ನ ಪೀಸು ಹಳೇ ಇಟ್ಟಿಗೆಯಂತಿತ್ತು. ಒಳಗೆ ಟ್ಯೂಬ್‌ಲೈಟಿನ ಕೆಳಗೆ ಇಟ್ಟರೆ ಮತ್ತೆ ಅಕ್ಕತಂಗಿಯರು.

ಮೋಸ ಯಾರದೂ ಅಲ್ಲ. ಕಂದು ಅನ್ನುವುದು ಒಂದೇ ಬಣ್ಣದಿಂದ ಆಗುವುದಿಲ್ಲ. ಕೆಂಪು, ಹಳದಿ, ನೀಲಿ ಮೂರೂ ಬಿದ್ದಿರುತ್ತವೆ. ಒಬ್ಬ ಬಣ್ಣಗಾರ ಒಂದು ಹದದಲ್ಲಿ ಕಲಸುತ್ತಾನೆ, ಇನ್ನೊಬ್ಬ ಬೇರೆ ಪುಡಿಗಳಲ್ಲಿ ಅದೇ ಛಾಯೆ ತರುತ್ತಾನೆ. ಒಂದು ಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಬೆಳಕು ಬದಲಾದರೆ ಒಳಗಿನ ಗುಟ್ಟು ಹೊರಗೆ ಬರುತ್ತದೆ. ಬೂದು, ಕಂದು ಇವೆರಡರಲ್ಲೇ ಈ ಕಾಟ ಜಾಸ್ತಿ. ಅದಕ್ಕೇ ಹಳೆಯ ಅಂಗಡಿಗಳಲ್ಲಿ "ಹೊರಗೆ ಬೆಳಕಿಗೆ ಹಿಡಿದು ನೋಡಿ" ಅನ್ನುತ್ತಾರೆ. ಹೇಳದಿದ್ದರೂ ನೀವು ಹಿಡಿದು ನೋಡಿ. ಟೀಚರಮ್ಮನಿಗೆ ಬೇರೆ ಪೀಸು ಕೊಟ್ಟೆ. ಇಟ್ಟಿಗೆ ಬಣ್ಣದ ಆ ಒಂದು ಮೀಟರು ನನ್ನ ಪಾಲಿಗೆ ಉಳಿಯಿತು.

ಇನ್ನೊಂದು ಕಾಟವಿದೆ, ಇದು ಪಕ್ಕದ ಮನೆಯದು. ಒಂದೇ ಕಂದು ಪೀಸನ್ನು ಹಸಿರು ಸೀರೆಯ ಪಕ್ಕ ಇಟ್ಟರೆ ಕೆಂಪಗೆ ಕಾಣುತ್ತದೆ. ಕೆಂಪು ಸೀರೆಯ ಪಕ್ಕ ಇಟ್ಟರೆ ಸಪ್ಪೆ. ಫ್ರಾನ್ಸಿನ ಗೋಬ್ಲಾಂ ಅನ್ನುವ ಕಡೆ ಚಿತ್ರದ ಪರದೆ ನೇಯುವ ದೊಡ್ಡ ಕಾರ್ಖಾನೆ ಇತ್ತು. ಬಣ್ಣದ ಮನೆಗೆ ಶೆವ್ರೊಲ್ ಅನ್ನುವ ರಸಾಯನಶಾಸ್ತ್ರಜ್ಞ ಯಜಮಾನ. ಕಪ್ಪು ದಾರಕ್ಕೆ ಕಸುವಿಲ್ಲ ಅಂತ ಅವನಿಗೆ ದೂರು ಬಂತು. ಪರೀಕ್ಷೆ ಮಾಡಿದ. ದಾರದಲ್ಲಿ ತಪ್ಪಿರಲಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆಗಳು ಕಪ್ಪನ್ನು ಸಪ್ಪೆ ಮಾಡುತ್ತಿದ್ದವು. 1839ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದ. ನಮ್ಮ ಕೌಂಟರಿನಲ್ಲಿ ಪುಸ್ತಕ ಬರೆಯುವಷ್ಟು ದೂರು ನನಗೂ ಬಂದಿವೆ.

ಹಾಗಾದರೆ ಮೋಕಾ ಪಕ್ಕ ಏನಿದ್ದರೆ ಚೆನ್ನ? ನನ್ನ ಕಣ್ಣಿಗೆ ಕೆನೆ ಬಿಳಿ, ಇಂಡಿಗೋ ನೀಲಿ, ಎಲೆಹಸಿರು, ಈರುಳ್ಳಿ ಬಣ್ಣ. ಅರಿಶಿನ ಹಳದಿ ಬೇಡ, ಎರಡೂ ಕಾದಾಡುತ್ತವೆ. ಇನ್ನು ಯಾವ ಬಣ್ಣ ನಿಮ್ಮ ಮುಖಕ್ಕೆ ಒಗ್ಗುವುದಿಲ್ಲವೋ ಅದನ್ನು ಮುಖದಿಂದ ದೂರ ಇಡಿ. ಕತ್ತಿನ ಹತ್ತಿರ ಬಂದ ಬಣ್ಣ ಕೆನ್ನೆಯ ಮೇಲೆ ಬೀಳುತ್ತದೆ. ಮೊಣಕೈಯಿಂದ ಕೆಳಗೆ, ಸೊಂಟದಿಂದ ಕೆಳಗೆ ಯಾವ ಬಣ್ಣಕ್ಕೂ ಭಯವಿಲ್ಲ.

ಸರಿ, ಆ ಒಂದು ಗೇಣು ಎಲ್ಲಿಂದ ತರುವುದು? ಅಂಗಡಿಗೆ ಹೋಗುವ ಮುಂಚೆ ನಿಮ್ಮ ಬೀರು ತೆಗೆಯಿರಿ. ಈಗ ತಾನೇ ಗೌರಿ ಹಬ್ಬ ಮುಗಿದಿದೆ. ಬಾಗಿನದಲ್ಲಿ ಬಂದ ರವಿಕೆ ಕಣಗಳು ಎಷ್ಟಿವೆ ಎಣಿಸಿ. ಆ ಕಣದ ಕಥೆ ನನಗೆ ಚೆನ್ನಾಗಿ ಗೊತ್ತು, ಮಾರಿದವಳು ನಾನೇ. ನಿಮಗೆ ಬಂದಿದ್ದನ್ನು ನೀವು ನಾದಿನಿಗೆ ಕೊಡುತ್ತೀರಿ, ನಾದಿನಿ ಅವರ ಓರಗಿತ್ತಿಗೆ. ಮಡಿಕೆ ಬಿಚ್ಚದೆ ಐದಾರು ಮನೆ ಸುತ್ತುತ್ತದೆ. ಒಂದು ಸಲ ನಾನು ಕೊಟ್ಟ ಕಣವೇ ಮೂರು ವರ್ಷದ ಮೇಲೆ ನನ್ನ ಮಡಿಲಿಗೆ ಬಂತು. ನಾನು ಹಾಕಿದ್ದ ಪಿನ್ನು ಸಮೇತ. ಕೈಬದಲಿ ಬಟ್ಟೆ ಅಂದರೆ ನಾವು ಮೂಗು ಮುರಿಯುತ್ತೇವೆ, ಆದರೆ ಇದು ಏನು ಮತ್ತೆ? ಈ ಕಣಗಳ ಬಣ್ಣ ವಿಚಿತ್ರವಾಗಿರುತ್ತೆ ಅಂತ ಯಾರೂ ಹೊಲಿಸುವುದಿಲ್ಲ. ವಿಚಿತ್ರ ಬಣ್ಣವೇ ನಮಗೆ ಈಗ ಬೇಕಾಗಿರುವುದು. ಒಂದು ಮೀಟರಿನಲ್ಲಿ ಎಲೆಅಡಿಕೆ ಸಂಚಿಯಂಥ ಎರಡು ಪುಟ್ಟ ಚೀಲ, ಕೂದಲಿಗೆ ಒಂದು ಬ್ಯಾಂಡು, ಇನ್ನೂ ಉಳಿದರೆ ಬ್ಲೌಸಿನ ತೋಳಿಗೆ ಪೈಪಿಂಗು ಆಗುತ್ತದೆ. ಶನಿವಾರದ ಬೂದು ಬಣ್ಣ ಹೀಗೇ ಬರಲಿ.

ಬೀರುವಿನಲ್ಲಿ ಸಿಗದಿದ್ದರೆ ಹೊರಗೆ ಹಳೇದನ್ನೇ ಕೊಳ್ಳಿ ಅಂದೆ. ಆಗ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಹೊರಗೆ ಕೊಳ್ಳುವ ಹಳೇ ಬಟ್ಟೆ ಸತ್ತವರದ್ದಾಗಿದ್ದರೆ?" ಒಳ್ಳೆಯ ಪ್ರಶ್ನೆ. ಬಹಳ ಜನ ಬಾಯಿಬಿಟ್ಟು ಕೇಳುವುದಿಲ್ಲ. ಯಾರೋ ಉಟ್ಟು ಬಿಟ್ಟದ್ದು ಅನ್ನುವ ಅಳುಕು ನನಗೂ ಇತ್ತು. ನಾನು ಮಾಡಿಕೊಂಡ ಉಪಾಯ ಏನೆಂದರೆ, ಮನಸ್ಸು ಒಪ್ಪದಿದ್ದರೆ ಮೈಗೆ ಅಂಟುವ ಬಟ್ಟೆ ಬೇಡ. ಹಿತ್ತಾಳೆ ಕಡಗ, ಮರದ ಮಣಿಸರ, ತೊಗಲಿನ ಚೀಲ, ಬೆಲ್ಟು ತಗೊಳ್ಳಿ. ಒರೆಸಿದರೆ ಆಯಿತು, ತೊಳೆದರೆ ಆಯಿತು. ಕಂದು ಬಣ್ಣದ ಭಾಗ್ಯ ಅದೇ ನೋಡಿ, ತೊಗಲು, ಮರ, ತೆಂಗಿನ ಚಿಪ್ಪು ಎಲ್ಲ ಹುಟ್ಟಿನಿಂದಲೇ ಆ ಬಣ್ಣ. ಹಳತಾದಷ್ಟೂ ಚೆಂದ. ಹೊಸ ಗುಲಾಬಿ ಬಣ್ಣದ ಚೀಲ ಎರಡು ವರ್ಷಕ್ಕೆ ಮಂಕಾಗುತ್ತದೆ. ಕಂದು ತೊಗಲು ಹತ್ತು ವರ್ಷಕ್ಕೆ ಹದಕ್ಕೆ ಬರುತ್ತದೆ.

ಬೆಂಗಳೂರಿಗೆ ಹೋದರೆ ಚಿಕ್ಕಪೇಟೆ ಸುತ್ತಮುತ್ತ ಭಾನುವಾರ ಬೆಳಗ್ಗೆ ಕೂರುವ ಸಂಡೇ ಬಜಾರಿಗೆ ಒಮ್ಮೆ ಹೋಗಿ ಬನ್ನಿ. ಬೇಗ ಹೋಗಿ. ಅಲ್ಲಿ ತೊಗಲಿನ ಹೆಸರಿನಲ್ಲಿ ರೆಕ್ಸಿನ್ ರಾಶಿ ಬಿದ್ದಿರುತ್ತದೆ. ಹಳೆಯ ರೆಕ್ಸಿನ್ ಮುಟ್ಟಬೇಡಿ. ಅದರ ಮೇಲಿನ ಪದರ ಗಾಳಿಯ ತೇವ ಕುಡಿದು ಒಳಗೊಳಗೇ ಸಾಯುತ್ತಿರುತ್ತದೆ. ತಂದ ವಾರ ಚೆನ್ನಾಗಿದ್ದು, ಒಂದು ಮಳೆಗಾಲಕ್ಕೆ ಸಿಪ್ಪೆ ಸುಲಿದು ಹೆಗಲ ಮೇಲೆ ಉದುರುತ್ತದೆ. ಮಡಿಸುವ ಜಾಗ ನೋಡಿ, ಹ್ಯಾಂಡಲ್ ಬುಡ ನೋಡಿ. ಅಲ್ಲಿ ಬಿರುಕು ಕಂಡರೆ ವಾಪಸ್ ಇಡಿ. ನಿಜವಾದ ತೊಗಲು ಸುಕ್ಕಾಗುತ್ತದೆ, ಸುಲಿಯುವುದಿಲ್ಲ.

ಹಳೇ ರೇಷ್ಮೆ ಸೀರೆ ಕಂಡರೆ ಪೂರ್ತಿ ಬಿಚ್ಚಿ ನೋಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ಸೀಳಿದ್ದರೂ ಪರವಾಗಿಲ್ಲ, ಸೆರಗು ಗಟ್ಟಿಯಿದ್ದರೆ ಒಂದು ಸ್ಟೋಲ್ ಆಗುತ್ತದೆ, ಅಂಚು ಗಟ್ಟಿಯಿದ್ದರೆ ಚೀಲದ ಪಟ್ಟಿ ಆಗುತ್ತದೆ. ಬೆಲೆ ಮಾತ್ರ ಸೀರೆಯದ್ದು ಕೊಡಬೇಡಿ. ಇನ್ನು ಬಣ್ಣ ಬಿಡುತ್ತಾ ಅಂತ ನೋಡಲು ಬಿಳಿ ಕರ್ಚೀಫಿನ ತುದಿ ಒದ್ದೆ ಮಾಡಿ ಒಳಮಗ್ಗುಲಲ್ಲಿ ಉಜ್ಜಿ. ಮಾರುವವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಈಗಿನ ಹುಡುಗಿಯರು ಇನ್‌ಸ್ಟಾಗ್ರಾಮಿನಲ್ಲೇ ಹಳೇ ಬಟ್ಟೆ ಕೊಳ್ಳುತ್ತಾರೆ. ನನ್ನ ಸೊಸೆ ಕೊಂಡ ಒಂದು "ಮೋಕಾ" ಬೆಲ್ಟು ಮನೆಗೆ ಬಂದಾಗ ಬದನೆಕಾಯಿ ಬಣ್ಣದಲ್ಲಿತ್ತು. ಕಿಟಕಿ ಹತ್ತಿರ ಹಗಲು ಬೆಳಕಿನಲ್ಲಿ ಒಂದು ಫೋಟೋ ಕಳಿಸಿ ಅಂತ ಕೇಳಬೇಕು, ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು. ಕಳಿಸದಿದ್ದರೆ ಬಿಟ್ಟುಬಿಡಿ.

ಕುಚ್ಚಿನ ಬಗ್ಗೆ ಹೇಳದೆ ಹೋದರೆ ನನಗೆ ಊಟ ಸೇರುವುದಿಲ್ಲ. ಹಳೇ ಸೀರೆಗೆ ಈ ವರ್ಷದ ಬಣ್ಣ ತರಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಹಳೇ ಕುಚ್ಚು ಬಿಚ್ಚಿ, ಹೊಸ ದಾರದಲ್ಲಿ ಬೇಬಿ ಕುಚ್ಚೋ ಕ್ರೋಶಾ ಕುಚ್ಚೋ ಕಟ್ಟಿಸಿ. ಎರಡು ಬಣ್ಣದ ದಾರ ಕಲಸಿ ಕಟ್ಟಿದರೆ ಇನ್ನೂ ಚೆನ್ನ. ಒಂದು ಎಳೆ ಸೀರೆಯ ಅಂಚಿನದು, ಒಂದು ಎಳೆ ಕಾಫಿಯದು. ಆಗ ಹೊಸ ಬಣ್ಣ ಹೊರಗಿನಿಂದ ಬಂದ ನೆಂಟನ ಹಾಗೆ ಕಾಣುವುದಿಲ್ಲ. ಕಟ್ಟುವವರು ನಿಮ್ಮ ಬೀದಿಯಲ್ಲೇ ಇರುತ್ತಾರೆ, ಮಧ್ಯಾಹ್ನ ಟಿವಿ ಮುಂದೆ ಕೂತು ಕಟ್ಟುತ್ತಿರುತ್ತಾರೆ. ದಸರಾ ವಾರದಲ್ಲಿ ಹೋಗಿ ಚೌಕಾಸಿ ಮಾಡಬೇಡಿ. ಅವರ ಬೆರಳು ನೋಡಿ ದುಡ್ಡು ಕೊಡಿ.

ಹೆಂಡತಿಯನ್ನು ಬಿಡಲು ಬಂದು ಇಲ್ಲೇ ಕೂತುಬಿಟ್ಟ ಗಂಡಸರಿಗೂ ಒಂದು ಮಾತು. ಈ ವರ್ಷ ಗೆದ್ದವರು ನೀವೇ. ವಾಚಿನ ಪಟ್ಟಿ, ಬೆಲ್ಟು, ಚಪ್ಪಲಿ, ನಿಮ್ಮದೆಲ್ಲ ಮೊದಲೇ ಮೋಕಾ. ಚಪ್ಪಲಿ ಅಂದಾಗ ನೆನಪಾಯಿತು. ಈ ಜೂನಿನಲ್ಲಿ ಮಿಲಾನಿನ ಫ್ಯಾಷನ್ ಶೋನಲ್ಲಿ ಇಟಲಿಯ ಪ್ರಾಡಾ ಕಂಪನಿ ತೋರಿಸಿದ ಚಪ್ಪಲಿ ನೋಡಿದಿರಾ? ಥೇಟ್ ಕೊಲ್ಹಾಪುರಿ. ಹೆಸರು ಹೇಳಿರಲಿಲ್ಲ, ಗಲಾಟೆ ಆದ ಮೇಲೆ ಒಪ್ಪಿಕೊಂಡರು. ಕೊಲ್ಹಾಪುರಿ ಅಂದ ತಕ್ಷಣ ಅದು ಮಹಾರಾಷ್ಟ್ರದ್ದು ಅಂತ ಬಿಡಬೇಡಿ. 2019ರಲ್ಲಿ ಅದಕ್ಕೆ ಸಿಕ್ಕ ಜಿಐ ಗುರುತಿನಲ್ಲಿ, ಅಂದರೆ ಇದು ಇಂಥ ಊರಿನದೇ ಅನ್ನುವ ಸರ್ಕಾರಿ ಗುರುತಿನಲ್ಲಿ, ಅಲ್ಲಿಯ ನಾಲ್ಕು ಜಿಲ್ಲೆ, ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ನಾಲ್ಕೂ ಇವೆ. ಅಥಣಿ, ನಿಪ್ಪಾಣಿಯಲ್ಲಿ ಮನೆಮನೆಯಲ್ಲಿ ಮಾಡುತ್ತಾರೆ. ಜಾಲಿ ಮರದ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲು ಅದು. ಆ ಕಂದು ಯಾವ ಶೇಡ್ ಕಾರ್ಡಿನಲ್ಲೂ ಇಲ್ಲ. ಮೊದಲ ವಾರ ಕಚ್ಚುತ್ತೆ, ಕೊಬ್ಬರಿ ಎಣ್ಣೆ ಸವರಿ.

ಇಷ್ಟು ಹೇಳಿ ಕೂತೆ. ಕಾಫಿ ಬಂತು. ನೂರಕ್ಕೆ ನೂರು 17-1230.

ಲೋಟ ಇಡುವಷ್ಟರಲ್ಲಿ ಒಬ್ಬ ಹಿರಿಯರು ಹತ್ತಿರ ಬಂದು ಚೀಲದಿಂದ ಒಂದು ಕಣ ತೆಗೆದರು. ನಾಲ್ಕು ಮಡಿಕೆ, ಮೂಲೆಯಲ್ಲಿ ಅರಿಶಿನದ ಕಲೆ. "ಇದು ಈ ವರ್ಷದ ಬಣ್ಣ ಅಲ್ವೇನಮ್ಮಾ?" ಅಂದರು. ಟ್ಯೂಬ್‌ಲೈಟಿನ ಕೆಳಗೆ ಹೌದು ಅನಿಸಿತು. ಇಬ್ಬರೂ ಬಾಗಿಲ ಹತ್ತಿರ ಹೋಗಿ ಬೆಳಕಿಗೆ ಹಿಡಿದೆವು. ಕಂದು ಅಲ್ಲ, ಈರುಳ್ಳಿ ಬಣ್ಣ. ಅವರು ಒಂದು ಗಳಿಗೆ ಅದನ್ನೇ ನೋಡಿದರು. "ಇರಲಿ ಬಿಡು, ಇದರ ವರ್ಷನೂ ಬರುತ್ತೆ" ಅಂದು ಮತ್ತೆ ಅದೇ ಮಡಿಕೆಯಲ್ಲಿ ಮಡಚಿ ಒಳಗಿಟ್ಟರು.